ಕವರಿನಲ್ಲಿ ಇಲ್ಲದ ಒಂದು ಹಾಳೆ



ನಮ್ಮ ಕೋಲಾರ ಜಿಲ್ಲೆಯಲ್ಲಿ ದತ್ತಿ ಉಪನ್ಯಾಸ ಅಂದರೆ ಮಾಸ್ತಿಯವರ ಕಥೆ, ಡಿ.ವಿ.ಜಿ.ಯವರ ಕಗ್ಗ, ಇಂಥ ವಿಷಯಗಳೇ ಹೆಚ್ಚು. ಒಬ್ಬರು ಮಾಲೂರು ತಾಲ್ಲೂಕಿನವರು, ಇನ್ನೊಬ್ಬರು ಮುಳಬಾಗಿಲಿನವರು. ಅವರನ್ನು ಎಷ್ಟು ನೆನೆದರೂ ತೀರದು. ಈ ಸಲ ದತ್ತಿಯವರು ಸರ್ಕಾರಿ ಶಾಲೆಯ ವಿಶೇಷ ಚೇತನ ಮಕ್ಕಳ ವಿಷಯ ಮಾತಾಡಿ ಎಂದರು. ಮೂವತ್ತು ವರ್ಷ ಈ ಜಿಲ್ಲೆಯ ಶಾಲೆಗಳಲ್ಲಿ ಪಾಠ ಮಾಡಿದವಳು ನಾನು. ನಿವೃತ್ತಳಾದ ಮೇಲೂ ಆ ಮಕ್ಕಳ ಮನೆಗಳಿಗೆ ಹೋಗಿಬರುವುದನ್ನು ಬಿಟ್ಟಿಲ್ಲ. ಕಂಡದ್ದನ್ನೇ ಹೇಳುತ್ತೇನೆ.

ಒಂದು ಕೋಳಿಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ತಪಾಸಣಾ ಶಿಬಿರದಲ್ಲಿ ಆರು ವರ್ಷದ ಹುಡುಗಿಯೊಬ್ಬಳನ್ನು ಮೇಜಿನ ಮುಂದೆ ಕೂರಿಸಿದ್ದರು. ಹುಡುಗಿ ಮಾತು ಕಲಿತದ್ದು ತಡ, ನಡಿಗೆಯೂ ತಡ. ಪರೀಕ್ಷೆ ಮಾಡುವವರು ಚಿತ್ರದ ಕಾರ್ಡು ತೋರಿಸಿ, ‘ಇದೇನು ಪುಟ್ಟಿ?’ ಎಂದರು. ಹುಡುಗಿ ಬಹಳ ಹೊತ್ತು ನೋಡಿ, ಕೊನೆಗೆ ಗಟ್ಟಿಯಾಗಿ ‘ಕೋಡಿ’ ಎಂದಳು. ಫಾರಂನಲ್ಲಿ ಉಚ್ಚಾರಣಾ ದೋಷ ಎಂದು ಬಿತ್ತು: ‘ಳ’ ಬರುವುದಿಲ್ಲ, ‘ಡ’ ಅನ್ನುತ್ತಾಳೆ. ಪಕ್ಕದಲ್ಲಿ ನಿಂತಿದ್ದ ತಾಯಿಗೆ ಅಲ್ಲಿ ಏನು ಬರೆಯುತ್ತಿದ್ದಾರೆ ಎಂಬುದು ಗೊತ್ತಿಲ್ಲ. ಮಗಳು ಸರಿಯಾಗಿ ಹೇಳಿದಳು ಎಂದು ಅವಳ ಮುಖ ಅರಳಿತ್ತು. ಮಗಳು ಹೇಳಿದ್ದು ಸರಿಯಾಗಿಯೇ ಇತ್ತು. ಅವರ ಮನೆಮಾತು ತೆಲುಗು. ತೆಲುಗಿನಲ್ಲಿ ಕೋಳಿಗೆ ಕೋಡಿ ಎಂದೇ ಹೆಸರು.

ಇಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲಿ ಕೋಡಿ ಅಂದರೆ ಕೆರೆ ತುಂಬಿ ಹರಿಯುವ ಜಾಗ. ಕೆ.ಸಿ. ವ್ಯಾಲಿಯ ನೀರು 2018ರಲ್ಲಿ ಮೊದಲು ಬಂದು ಬಿದ್ದದ್ದು ನಮ್ಮ ಲಕ್ಷ್ಮೀಸಾಗರ ಕೆರೆಗೆ. ಕೆರೆಗಳು ತುಂಬಿದ ಮೇಲೆ ಕೋಡಿ ಎಂಬ ಮಾತು ನಮ್ಮ ಮಕ್ಕಳ ಬಾಯಿಗೆ ಮತ್ತೆ ಬಂತು. ಒಂದೇ ಮಾತು, ಒಂದು ಮನೆಯಲ್ಲಿ ಕೆರೆ, ಪಕ್ಕದ ಮನೆಯಲ್ಲಿ ಕೋಳಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೋದರೆ ತೆಲುಗು, ಪೇಟೆಯ ಬೀದಿಗಳಲ್ಲಿ ಉರ್ದು, ಕೆ.ಜಿ.ಎಫ್. ಕಡೆ ತಮಿಳು. ಇಂಥ ಜಿಲ್ಲೆಯಲ್ಲಿ ಮಗುವಿನ ಬುದ್ಧಿ ಅಳೆಯಲು ಕೂರುವವರು ಮೊದಲು ಕೇಳಬೇಕಾದ ಪ್ರಶ್ನೆ, ‘ಮನೆಯಲ್ಲಿ ಏನು ಮಾತಾಡ್ತೀರಮ್ಮ?’ ಅನ್ನುವುದು. ಹೊಸ ಜ್ಞಾನವೇನೂ ಅಲ್ಲ ಇದು. ಫ್ರಾನ್ಸಿನ ಬಿನೆ ಮಾಡಿದ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ, 1930ರ ದಶಕದಲ್ಲೇ ಸಿದ್ಧಪಡಿಸಿದವರು ವಿ.ವಿ. ಕಾಮತರು. ಬಿನೆ–ಕಾಮತ್ ಪರೀಕ್ಷೆ ಎಂದು ಇವತ್ತಿಗೂ ಅದನ್ನು ಬಳಸುತ್ತಾರೆ. ಮಗುವಿನ ಮಾತಿನಲ್ಲೇ ಮಗುವನ್ನು ಕೇಳಬೇಕು ಎಂದು ಅವರಿಗೆ ಆಗಲೇ ಗೊತ್ತಿತ್ತು.

ಆ ಹುಡುಗಿಗೆ ಕಲಿಕೆಯ ತೊಂದರೆ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇತ್ತು, ಈಗಲೂ ಇದೆ. ಆದರೆ ಅವಳಿಗೆ ಬರುತ್ತಿದ್ದುದನ್ನು ಬಾರದ್ದರ ಪಟ್ಟಿಗೆ ಸೇರಿಸಿದರಲ್ಲ, ಅದು ನನ್ನನ್ನು ಕಾಡುತ್ತದೆ. ತಿದ್ದಬಲ್ಲ ಒಬ್ಬಳು ಒಂದು ಮಾರು ದೂರದಲ್ಲೇ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಇಂಥ ಮಕ್ಕಳ ತಾಯಂದಿರ ಕೈಯಲ್ಲಿ ಒಂದು ಕವರ್ ಇರುತ್ತದೆ. ಸೀರೆ ಅಂಗಡಿಯ ದಪ್ಪ ಪ್ಲಾಸ್ಟಿಕ್ ಕವರ್. ಮನೆಯಲ್ಲಿ ಅದನ್ನು ಮೊಳೆಗೆ ನೇತುಹಾಕಿರುತ್ತಾರೆ, ಇಲಿ ಕಡಿಯದ ಹಾಗೆ. ನಾನು ಹೋದ ಕೂಡಲೇ ಅದನ್ನು ಇಳಿಸಿ ಚಾಪೆಯ ಮೇಲೆ ಸುರಿಯುತ್ತಾರೆ. ತಾಯಿ ಕಾರ್ಡು, ಹೆರಿಗೆಯ ಡಿಸ್ಚಾರ್ಜ್ ಚೀಟಿ, ನಿಮ್ಹಾನ್ಸಿನ ಹಳದಿಗಟ್ಟಿದ ಹಾಳೆ, ಎಸ್.ಎನ್.ಆರ್. ಆಸ್ಪತ್ರೆಯ ಮೊಹರು ಬಿದ್ದ ಪ್ರಮಾಣಪತ್ರ, ಯು.ಡಿ.ಐ.ಡಿ. ಎಂಬ ವಿಕಲಚೇತನರ ಗುರುತಿನ ಕಾರ್ಡು, ಆಧಾರ್ ಜೆರಾಕ್ಸು ಆರು, ಪಾಸ್‌ಪೋರ್ಟ್ ಸೈಜಿನ ಫೋಟೋ ಒಂದಿಷ್ಟು. ಆ ಫೋಟೋಗಳಲ್ಲಿ ಮಗುವಿನ ತಲೆಯ ಹಿಂದೆ ಒಂದು ಕೈ ಕಾಣುತ್ತದೆ, ಕತ್ತು ನಿಲ್ಲಲೆಂದು ಹಿಡಿದ ಅಮ್ಮನ ಕೈ. ಇಷ್ಟು ಕಾಗದ ಓದಿದರೂ ಮಗುವಿಗೆ ಏನು ಆಗುವುದಿಲ್ಲ ಎಂದಷ್ಟೇ ತಿಳಿಯುತ್ತದೆ. ಶೇಕಡಾ ಎಷ್ಟು ನ್ಯೂನತೆ ಎಂದು ಅಂಕಿಯಲ್ಲಿದೆ. ಏನು ಆಗುತ್ತದೆ ಎಂದು ಬರೆದ ಒಂದು ಹಾಳೆಯನ್ನು ಆ ಕವರುಗಳಲ್ಲಿ ನಾನು ಇದುವರೆಗೆ ಕಂಡಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಒಂದು ಹಾಳೆಗಾಗಿ.

ಕಾನೂನಿಗೆ ಕೊರತೆಯಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಶುರುವಾಗಿತ್ತು. ಈ ವಿಷಯದಲ್ಲಿ ನಾವು ಹಿಂದೆ ಉಳಿದವರಲ್ಲ. ಸಾಮಾನ್ಯ ಶಾಲೆಯಲ್ಲೇ ಈ ಮಕ್ಕಳು ಕಲಿಯಲಿ ಎಂದು ಕೇಂದ್ರ ಸರ್ಕಾರ ಯೋಜನೆ ತಂದದ್ದು 1974ರಲ್ಲಿ. 1995ರ ಕಾಯ್ದೆ 7 ಬಗೆಯ ನ್ಯೂನತೆಗಳನ್ನು ಗುರುತಿಸಿತು; 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಶೇಕಡಾ 40 ಅಥವಾ ಹೆಚ್ಚು ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಯ ಶಾಲೆ ಬೇಕೋ, ವಿಶೇಷ ಶಾಲೆ ಬೇಕೋ, ಆಯ್ಕೆ ಮನೆಯವರದು. ಹೆಚ್ಚಿನ ಆಸರೆ ಬೇಕಾದ ಮಗುವಿಗೂ ಅದರ ಜೊತೆ ಬರುವವರಿಗೂ ವಾಹನ ಸೌಲಭ್ಯ ಕೊಡಬೇಕು ಎಂದು ಆ ಕಾಯ್ದೆಯ 16ನೆಯ ಕಲಮಿನಲ್ಲಿದೆ. ಮನೆಯಿಂದ ಹೊರಡಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ವಿಶೇಷ ಶಿಕ್ಷಕರು ಎಷ್ಟಿರಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರಲ್ಲಿ ಆದೇಶ ಬಂದು, 2022ರಲ್ಲಿ ಕೇಂದ್ರ ಸರ್ಕಾರ ಅಳತೆ ಗೊತ್ತುಮಾಡಿತು: ಒಂದರಿಂದ ಐದನೇ ತರಗತಿಯವರೆಗೆ ಇಂಥ 10 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬರು.

ಇನ್ನು ನೆಲದ ಮೇಲೆ ಏನಿದೆ? ತಾಲ್ಲೂಕು ಕೇಂದ್ರದಲ್ಲಿ ಬಿ.ಆರ್.ಸಿ., ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರ. ಅಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಮಂದಿ. ಶಾಲೆಗಳಿಗೆ ಹೋಗಿ ಮಕ್ಕಳನ್ನು ಗುರುತಿಸುವವರು ಅವರೇ, ಶಿಬಿರಕ್ಕೆ ಕರೆತರುವವರು ಅವರೇ, ಹಾಸಿಗೆ ಹಿಡಿದ ಮಕ್ಕಳ ಮನೆಗೆ ಹೋಗಿ ಪಾಠ ಹೇಳುವವರೂ ಅವರೇ. ಮಧ್ಯೆ ಮೀಟಿಂಗು, ಆನ್‌ಲೈನ್ ಎಂಟ್ರಿ. ಮಳೆಯಲ್ಲಿ ಗಾಡಿ ತಳ್ಳಿಕೊಂಡು ಹೋಗಿ ಒಂದು ಮಗುವಿನ ಕೈ ನೀವಿ ಬಂದವರನ್ನು ನಾನು ಬಲ್ಲೆ. ಅವರ ಮೇಲೆ ಯಾರಾದರೂ ಮಾತಾಡಿದರೆ ನನಗೆ ಸಹಿಸಲಾಗುವುದಿಲ್ಲ.

ಹಾಗಾದರೆ ಈ ಸೌಲಭ್ಯಕ್ಕೂ ಮನೆಗೂ ನಡುವಿನ ದಾರಿಯನ್ನು ನಡೆಯುವವರು ಯಾರು? ಅಮ್ಮ. ಮಕ್ಕಳ ಆರೋಗ್ಯ ತಪಾಸಣೆಯ ಆರ್.ಬಿ.ಎಸ್.ಕೆ. ತಂಡದ ವೈದ್ಯರು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತಾರೆ; ಅವರು ಚೀಟಿ ಬರೆದರೆ ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಗೆ. ಅಲ್ಲಿ ಪ್ರಮಾಣಪತ್ರ, ಆಮೇಲೆ ಯು.ಡಿ.ಐ.ಡಿ. ಮಾಸಾಶನಕ್ಕೆ ಇಲ್ಲೇ ನರಸಾಪುರದ ನಾಡಕಚೇರಿ. ಬಸ್ ಪಾಸಿಗೆ ಮತ್ತೆ ಕೋಲಾರ. ಫಿಸಿಯೋಥೆರಪಿಗೆ ಗೊತ್ತಾದ ದಿನ ಬಿ.ಆರ್.ಸಿ.ಗೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಅಮ್ಮನಿಗೆ ಟಿಕೆಟ್ಟಿನ ಖರ್ಚು ಉಳಿಯಿತು, ಇದು ಸಣ್ಣ ಮಾತಲ್ಲ. ಎಷ್ಟೋ ತಾಯಂದಿರು ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಥೆರಪಿ ಬಿಟ್ಟಿದ್ದು ದುಡ್ಡಿಲ್ಲದೆಯೇ. ಆದರೆ ಬಸ್ಸಿನ ಮೆಟ್ಟಿಲು ಅಷ್ಟೇ ಎತ್ತರ ಇದೆ. ಒಂಬತ್ತು ವರ್ಷದ ಹುಡುಗ ಇಪ್ಪತ್ತು ಕೆ.ಜಿ. ತೂಗುತ್ತಾನೆ, ಕಾಲು ಕತ್ತರಿಯ ಹಾಗೆ ಬಿಗಿದುಕೊಂಡಿರುತ್ತದೆ. ಅವನನ್ನು ಎತ್ತಿಕೊಂಡು ನರಸಾಪುರದ ಗೇಟಿನಲ್ಲಿ ಹೆದ್ದಾರಿ ದಾಟಿ ಬಸ್ ಹತ್ತುವುದು ಹೇಗಿರುತ್ತದೆ, ಒಂದು ಸಲ ನಿಂತು ನೋಡಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದು. ಜೂನ್ ತಿಂಗಳ ದಾಖಲಾತಿ. ಒಬ್ಬ ರೈತ ಹೆಗಲ ಮೇಲೆ ಮಗನನ್ನು ಕೂರಿಸಿಕೊಂಡು ಬಂದ. ಹುಡುಗನ ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು, ಕೈ ತಿರುಚಿಕೊಂಡಿತ್ತು. ‘ಮೇಡಮ್ನೋರೆ, ಒಂದ್ ಮೂಲೇಲಿ ಕೂತ್ಕೊಂಡಿರ್ತಾನೆ, ಮಕ್ಳು ಹಾಡೋದು ಕೇಳಿದ್ರೆ ನಗ್ತಾನೆ’ ಎಂದ. ‘ಇಲ್ಲಿ ಆಗಲ್ಲಪ್ಪ, ಇಂಥವರಿಗೆ ಬೆಂಗಳೂರಲ್ಲಿ ಬೇರೆ ಶಾಲೆ ಇದೆ’ ಎಂದೆ ನಾನು. ಆತ ಎದುರಾಡಲಿಲ್ಲ. ಟವಲಿನಲ್ಲಿ ಮಗನ ಬಾಯಿ ಒರೆಸಿ ಹೊರಟುಹೋದ. ಬೆಂಗಳೂರಿಗೆ ಆತ ಹೋಗುವವನಲ್ಲ ಎಂದು ನನಗೆ ಗೊತ್ತಿತ್ತು. ಹಾಡು ಕೇಳಿದರೆ ನಗುತ್ತಾನೆ ಎಂದನಲ್ಲ, ಆ ಹುಡುಗನ ಮೊದಲ ಪಾಠ ಎಲ್ಲಿಂದ ಶುರುವಾಗಬೇಕು ಎಂದು ಆ ಅಪ್ಪ ನನ್ನ ಕೈಗೇ ಕೊಟ್ಟಿದ್ದ. ಅದನ್ನು ತೆಗೆದುಕೊಳ್ಳುವ ತಿಳಿವಳಿಕೆ ಆಗ ನನಗಿರಲಿಲ್ಲ.

ತಿಳಿವಳಿಕೆ ಬಂದದ್ದು ಬಹಳ ತಡವಾಗಿ, ಒಂದು ರೇಷ್ಮೆ ಮನೆಯಲ್ಲಿ. ಆ ಮನೆಯ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ. ಗೃಹಾಧಾರಿತ ಶಿಕ್ಷಣದ ಮಗು. ಶಿಬಿರದಲ್ಲಿ ಕೊಟ್ಟ ಸಿ.ಪಿ. ಚೇರು ಅವನ ಮೈಗೆ ದೊಡ್ಡದು. ಅಜ್ಜಿ ಹಳೆಯ ಸೀರೆಯ ಬೊಂತೆಯನ್ನು ಮಡಿಸಿ ಎರಡೂ ಪಕ್ಕೆಗೆ ತುರುಕಿ, ಎದೆಗೆ ಪಂಚೆಯ ಪಟ್ಟಿ ಕಟ್ಟಿ, ಅವನನ್ನು ನೆಟ್ಟಗೆ ಕೂರಿಸಿದ್ದರು. ಸಂಪನ್ಮೂಲ ಶಿಕ್ಷಕಿ ಬೆರಳಿನ ಹಿಡಿತ ಬರಲಿ ಎಂದು ಪೆಗ್ ಬೋರ್ಡು ತಂದಿದ್ದರು, ಮರದ ಹಲಗೆಯ ತೂತಿಗೆ ಗೂಟ ಚುಚ್ಚುವ ಆಟ. ಅವನು ಎರಡು ಗೂಟ ಹಾಕಿ ಬಿಸಾಡುತ್ತಿದ್ದ. ಆವತ್ತು ಮನೆಯಲ್ಲಿ ಗೂಡು ಬಿಡಿಸುವ ದಿನ. ಅಂಗಳದಲ್ಲಿ ಚಂದ್ರಿಕೆಗಳನ್ನು ಒರಗಿಸಿ, ಮನೆಮಂದಿಯೆಲ್ಲ ಹಳದಿ ಗೂಡು ಕೀಳುತ್ತಿದ್ದರು. ಅಜ್ಜಿ ಒಂದು ಚಂದ್ರಿಕೆಯನ್ನು ಅವನ ಚೇರಿಗೆ ಒರಗಿಸಿದರು. ಅವನ ಬಲಗೈ ನಿಧಾನಕ್ಕೆ ಮೇಲೆದ್ದಿತು. ಹೆಬ್ಬೆರಳು ಅಂಗೈಯೊಳಗೇ ಮಡಚಿಕೊಂಡಿತ್ತು. ಅದು ಬಿಚ್ಚಲು ಎಷ್ಟು ಹೊತ್ತು ಹಿಡಿಯಿತೋ. ಕೊನೆಗೆ ಎರಡು ಬೆರಳು ಗೂಡನ್ನು ಹಿಡಿದವು. ಹಿಸುಕಿದರೆ ಒಳಗಿನ ಹುಳ ಸತ್ತು ಗೂಡಿಗೆ ಕಲೆ ಬೀಳುತ್ತದೆ, ಸಡಿಲ ಬಿಟ್ಟರೆ ಬಿಡಿಸಿಕೊಳ್ಳುವುದಿಲ್ಲ. ಅವನು ಹಿಸುಕಲಿಲ್ಲ. ಹನ್ನೊಂದು ಗೂಡು ಬಿಡಿಸಿದ. ಮೆತ್ತಗಿದ್ದದ್ದು ಒಂದು ಕೈಗೆ ಸಿಕ್ಕಿದಾಗ ಅದನ್ನು ಬುಟ್ಟಿಗೆ ಹಾಕದೆ ಅಜ್ಜಿಯ ಕಡೆ ನೋಡಿದ.

ಶಿಕ್ಷಕಿ ಪೆಗ್ ಬೋರ್ಡನ್ನು ಚೀಲಕ್ಕೆ ಹಾಕಿಕೊಂಡರು. ಮುಂದಿನ ಭೇಟಿಯಿಂದ ಅವನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಗೂಡು ಬಂತು: ಎಣಿಕೆಗೆ ಗೂಡು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡಲು ಗೂಡು. ಬೆಳೆ ಇಲ್ಲದ ದಿನಗಳಲ್ಲಿ ಟೊಮೆಟೊ. ದಪ್ಪ, ಸಣ್ಣ, ಹಣ್ಣು, ದೋರೆ, ಎಲ್ಲ ಬಾಕ್ಸಿಗೆ ತುಂಬುವ ಮುಂಚೆ ಅವನ ಮುಂದೆ. ಕೋಲಾರದ ಮನೆಯ ಅಂಗಳಕ್ಕಿಂತ ದೊಡ್ಡ ಪಾಠೋಪಕರಣದ ಅಂಗಡಿ ನನಗೆ ಗೊತ್ತಿಲ್ಲ. ಆದರೆ ಯಾವ ಮಗುವಿಗೆ ಯಾವುದು ಹೊಂದುತ್ತದೆ ಎಂದು ಹೇಳುವವರು ಮನೆಯವರೇ.

ಅಮೆರಿಕದಲ್ಲಿ ಇದನ್ನು ಕಾನೂನೇ ಮಾಡಿದ್ದಾರೆ. 1975ರ ಅವರ ಕಾಯ್ದೆಯ ಪ್ರಕಾರ ಮಗುವಿನ ಕಲಿಕೆಯ ಯೋಜನೆ ಬರೆಯುವ ಸಭೆಯಲ್ಲಿ ತಂದೆತಾಯಿ ಕೂರಬೇಕು. ಅಂಥ ತಂದೆತಾಯಂದಿರಿಗೆ ಮಾಹಿತಿ ಕೊಟ್ಟು ತಯಾರು ಮಾಡಲೆಂದೇ ಕೇಂದ್ರಗಳಿವೆ. ಅಷ್ಟು ದೂರ ಹೋಗುವುದೂ ಬೇಡ. ಕಿವುಡ ಮಕ್ಕಳ ಜೊತೆ ತಾಯಂದಿರೂ ದಿನವಿಡೀ ಕೂತು, ಮಾತು ಕಲಿಸುವುದನ್ನು ತಾವೇ ಕಲಿಯುವ ಶಾಲೆ ಮೈಸೂರಿನಲ್ಲಿದೆ. ಎಂಡೋಸಲ್ಫಾನ್ ವಿಷಕ್ಕೆ ಸಿಕ್ಕ ಕೇರಳದ ಕಾಸರಗೋಡಿನಲ್ಲಿ, ನಮ್ಮ ಕನ್ನಡಿಗರ ಎಣ್ಮಕಜೆಯೂ ಸೇರಿದ ಆ ಸೀಮೆಯಲ್ಲಿ, ವಿಶೇಷ ಮಕ್ಕಳ ‘ಬಡ್ಸ್’ ಶಾಲೆಗಳನ್ನು ಗ್ರಾಮ ಪಂಚಾಯಿತಿಗಳೇ ಕುಟುಂಬಶ್ರೀ ಸಂಘಗಳ ಹೆಂಗಸರ ಜೊತೆ ಸೇರಿ ನಡೆಸುತ್ತವೆ. ಶಾಲೆ ತಾಲ್ಲೂಕು ಕೇಂದ್ರದಲ್ಲಿಲ್ಲ, ಪಂಚಾಯಿತಿಯಲ್ಲಿದೆ. ನಮ್ಮ ಪಂಚಾಯಿತಿಗಳಲ್ಲೂ ವಿಕಲಚೇತನರಿಗೆಂದು ಶೇಕಡಾ 5 ಅನುದಾನ ಮೀಸಲಿದೆ, ವಿ.ಆರ್.ಡಬ್ಲ್ಯು. ಎಂದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆ ಹಣ ಎಲ್ಲಿಗೆ ಹೋಗಬೇಕೆಂದು ಗ್ರಾಮಸಭೆಯಲ್ಲಿ ಒಬ್ಬ ತಾಯಿ ಎದ್ದು ಕೇಳಿದ್ದನ್ನು ನಾನು ಒಂದೇ ಒಂದು ಸಲ ಕಂಡಿದ್ದೇನೆ.

ಕೇಳುವ ಜಾಗ ಇನ್ನೊಂದಿದೆ, ಇದನ್ನು ದಯವಿಟ್ಟು ಗಮನಿಸಿ. ನಮ್ಮಲ್ಲಿ ಎಸ್.ಡಿ.ಎಂ.ಸಿ. ಅನ್ನುತ್ತೇವಲ್ಲ, ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಆ ಶಾಲಾ ಸಮಿತಿಯಲ್ಲಿ ಅವಕಾಶವಂಚಿತ ಗುಂಪಿನ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಕೊಡಬೇಕು. 2012ರ ತಿದ್ದುಪಡಿ ಆ ಗುಂಪಿಗೆ ವಿಕಲಚೇತನ ಮಕ್ಕಳನ್ನೂ ಸೇರಿಸಿತು. ಅಂದರೆ ಮಗುವಿನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದ್ದರೆ, ಅದು ಮನೆಯಲ್ಲೇ ಮಲಗಿರುವ ಮಗುವಾದರೂ ಸರಿ, ಅದರ ತಾಯಿಗೆ ಆ ಶಾಲೆಯ ವ್ಯವಹಾರದಲ್ಲಿ ಬಾಯಿದೆ. ರ‍್ಯಾಂಪ್ ಎಷ್ಟು ಕಡಿದಾಗಿದೆ, ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯುತ್ತದೆಯೋ ಇಲ್ಲವೋ, ಬಿಸಿಯೂಟದ ಅನ್ನವನ್ನು ಕಿವುಚಿ ತಿನ್ನಿಸುವವರು ಯಾರು, ಇದನ್ನೆಲ್ಲ ಕೇಳುವುದು ಆಕೆಯ ಹಕ್ಕು. ಮುಂದಿನ ಸಮಿತಿ ರಚನೆಯ ಹೊತ್ತಿಗೆ ಇಲ್ಲಿರುವ ಮುಖ್ಯ ಶಿಕ್ಷಕರು ಆಕೆಯನ್ನು ಮನೆಗೆ ಹೋಗಿ ಕರೆಯಬೇಕು. ನೋಟಿಸ್ ಬೋರ್ಡಿಗೆ ಅಂಟಿಸಿದರೆ ಆಕೆಗೆ ಮುಟ್ಟುವುದಿಲ್ಲ.

ಸಭೆಯ ಸಮಯವನ್ನೂ ಯೋಚಿಸಿ. ನರಸಾಪುರ ಈಗ ಹಳೆಯ ನರಸಾಪುರವಲ್ಲ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಬಂತು, ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆ. ಸುತ್ತಲಿನ ಹಳ್ಳಿಗಳ ಎಷ್ಟೋ ಹೆಂಗಸರು ಶಿಫ್ಟಿನಲ್ಲಿ ದುಡಿಯುತ್ತಾರೆ. ಮುಂಜಾನೆ ಕತ್ತಲಲ್ಲೇ ಕಂಪನಿ ಬಸ್ಸು. ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದು ಬಾಡಿಗೆ ಕೋಣೆಯಲ್ಲಿರುವ ಸಂಸಾರಗಳೂ ಇವೆ. ಆ ಮಕ್ಕಳಲ್ಲಿ ಕೆಲವರ ಮನೆಮಾತು ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಇಂಥ ಅಮ್ಮನಿಗೆ ‘ಬುಧವಾರ ಹತ್ತು ಗಂಟೆಗೆ ಕೋಲಾರಕ್ಕೆ ಥೆರಪಿಗೆ ಬನ್ನಿ’ ಎಂದರೆ, ಸಂಬಳ ಬಿಡು ಎಂದ ಹಾಗೆ. ಒಬ್ಬ ಫಿಸಿಯೋಥೆರಪಿಸ್ಟ್ ವಾರಕ್ಕೆ ಎರಡು ಸಂಜೆ ನರಸಾಪುರದ ಶಾಲೆಯ ಒಂದು ಕೋಣೆಯಲ್ಲೇ ಕೂತರೆ ಹದಿನೈದು ಕಿಲೋಮೀಟರಿನ ದಾರಿ ತಪ್ಪುತ್ತದೆ. ನಿಗದಿತ ಗಾತ್ರ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಗೋಡೆಗೆ ಬಣ್ಣ, ಡೆಸ್ಕು, ಬ್ಯಾಗು, ಎಲ್ಲವೂ ಬೇಕಾದದ್ದೇ. ಅದರ ಜೊತೆಗೆ ಆ ಕೋಣೆಯನ್ನೂ, ತಗ್ಗು ಮೆಟ್ಟಿಲಿನ ಒಂದು ವ್ಯಾನನ್ನೂ ಕೇಳೋಣ. ಪಂಚಾಯಿತಿ, ಬಿ.ಆರ್.ಸಿ., ಎಸ್.ಡಿ.ಎಂ.ಸಿ. ಮೂರೂ ಸೇರಿ ಒಂದೇ ಅರ್ಜಿಯಲ್ಲಿ ಕೇಳಬೇಕು. ಮೊದಲ ಸಹಿ ತಾಯಂದಿರದಾಗಲಿ.

ಇನ್ನು ಆ ಹಾಳೆ. ಹಣ ಬೇಡ, ಆದೇಶ ಬೇಡ. ಪ್ರತಿ ಮಗುವಿನ ಮನೆಯಲ್ಲೂ ಶಿಕ್ಷಕರು ಒಂದು ಗಂಟೆ ಕೂತು, ಮಗುವಿಗೆ ಏನೇನು ಆಗುತ್ತದೆ ಎಂಬುದನ್ನು ಮನೆಯವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಲಿ. ಒಂದು ಪ್ರತಿ ಕವರಿಗೆ, ಒಂದು ಶಾಲೆಗೆ. ಟೀಚರ್ ವರ್ಗವಾಗಿ ಹೋದರೂ, ಶಿಬಿರಕ್ಕೆ ಹೊಸ ಡಾಕ್ಟರು ಬಂದರೂ ಮೊದಲು ಓದುವುದು ಅದನ್ನಾಗಲಿ. ಕೋಡಿ ಅಂದರೆ ಕೋಳಿ ಎಂದು ಅದರಲ್ಲಿ ಬರೆದಿರುತ್ತದೆ.

ಹೋದ ತಿಂಗಳು ಆ ರೇಷ್ಮೆ ಮನೆಗೆ ಹೋಗಿ ನಾನೇ ಒಂದನ್ನು ಬರೆದೆ. ‘ಇವನಿಗೆ ಏನೇನು ಬರುತ್ತಮ್ಮ?’ ಎಂದು ಕೇಳಿದರೆ ತಾಯಿ ಮೊದಲು ಗಾಬರಿಯಾದಳು. ‘ಏನ್ ಬರುತ್ತೆ ಮೇಡಂ, ಏನೂ ಬರಲ್ಲ. ಸರ್ಟಿಫಿಕೇಟ್‌ನಾಗೈತಲ್ಲ’ ಎಂದು ಕವರ್ ಇಳಿಸಲು ಎದ್ದಳು. ಅದನ್ನು ಅಲ್ಲೇ ಬಿಡು, ಕೂತ್ಕೋ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೊಂದಾಗಿ ಬಂತು. ಡೈರಿಯಲ್ಲಿ ನಮ್ಮ ನಂಬರ್ ಕೂಗಿದ್ರೆ ನಗ್ತಾನೆ. ಒಳ್ಳೆ ಗೂಡು, ಕೆಟ್ಟ ಗೂಡು ಗೊತ್ತಾಗುತ್ತೆ. ಎಡಕ್ಕೆ ಮಲಗಿಸಿದ್ರೆ ಉಸಿರು ಕಟ್ಟುತ್ತೆ, ಬಲಕ್ಕೆ ಮಲಗಿಸಬೇಕು. ಮುದ್ದೆ ನುಂಗಕ್ಕೆ ಬರುತ್ತೆ, ಆದ್ರೆ ಸಾರು ಜಾಸ್ತಿ ಇರ್ಬೇಕು. ಹೌದು ಅನ್ನೋಕೆ ಕಣ್ಣು ಮೇಲೆ ಮಾಡ್ತಾನೆ, ಬೇಡ ಅನ್ನೋಕೆ ಮುಚ್ತಾನೆ. ಅವರಪ್ಪ ಬೇಜಾರಲ್ಲಿ ಬಂದ್ರೆ ಅವತ್ತು ಇವನೂ ಊಟ ಮಾಡಲ್ಲ.

ಹಾಳೆ ತುಂಬಿತು. ‘ಇಷ್ಟು ಸಾಕಾ ಮೇಡಂ? ಇನ್ನೂ ಐತೆ’ ಎಂದಳು. ನಾನು ಹಾಳೆ ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದೆ.